ಕೇಳಿ ಅಂದರೆ

ಮಾತನ್ನೇ ಕಸುಬು ಮಾಡಿಕೊಂಡವರಲ್ಲಿ ಎರಡು ಬಗೆ. ಮೈಕು ಸಿಕ್ಕರೆ ಬಿಡದವರು ಒಂದು ಬಗೆ, ಮೈಕು ಕೆಟ್ಟರೂ ಬಿಡದವರು ಇನ್ನೊಂದು. ಕೌಂಟರಮ್ಮ ಎರಡನೆಯವರ ಪೈಕಿ. ಸಭಾಂಗಣದಲ್ಲಿ ಕರೆಂಟು ಹೋಗಿ ಮೈಕು ಒಂದು ಸಲ ಗೊರಕೆ ಹೊಡೆದು ಸುಮ್ಮನಾದರೆ ಸಂಘಟಕರ ಮುಖ ಹುಳ್ಳಗಾಗುತ್ತಿತ್ತು. ಅವಳು ಮಾತ್ರ ತೋಳೇರಿಸಿಕೊಂಡು, ವೇದಿಕೆಯಿಂದ ಇಳಿದು, ಮೊದಲ ಸಾಲಿನ ಮುಂದೆ ನಿಂತು ಕೊನೆಯ ಸಾಲಿನ ನಿದ್ದೆಗಣ್ಣಿನವರಿಗೂ ಮುಟ್ಟುವಂತೆ ಮಾತು ಮುಂದುವರಿಸುತ್ತಿದ್ದಳು. ಕರೆಂಟು ಬಂದರೆ ಅವಳಿಗೇ ಬೇಜಾರು.

ಆ ಹೆಸರು ಬಂದದ್ದು ಅವಳ ವಿಷಯದಿಂದ. ಕೌಂಟರಿನ ಹಿಂದೆ ಕುಳಿತವರು ಎದುರಿಗೆ ಬಂದು ನಿಂತವರ ಜೊತೆ ಹೇಗೆ ಮಾತಾಡಬೇಕು, ಇಷ್ಟೇ ಅವಳು ಹೇಳಿಕೊಡುತ್ತಿದ್ದದ್ದು. ಟಿಕೆಟ್ ಹರಿಯುವವರು, ಬಿಲ್ಲು ಹಾಕುವವರು, ಔಷಧಿ ಅಂಗಡಿಯವರು, ಆಸ್ಪತ್ರೆಯ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತು ಊರಿನವರ ಸಿಟ್ಟನ್ನೆಲ್ಲ ಮೊದಲು ನುಂಗುವವರು, ಇವರೆಲ್ಲ ಅವಳ ಕೇಳುಗರು. ಮೊದಲು ಯಾರೋ ಹಿಂದಿನಿಂದ ಕೌಂಟರಮ್ಮ ಅಂದರು, ಆಮೇಲೆ ಮುಂದಿನಿಂದಲೇ ಅನ್ನತೊಡಗಿದರು, ಕೊನೆಗೆ ಅವಳ ಗಂಡನ ಬಾಯಲ್ಲೂ ಅದೇ ಬಂತು. ಅಲ್ಲಿಗೆ ಅವಳು ಸೋತು ಒಪ್ಪಿಕೊಂಡಳು.

ಅವಳ ಭಾಷಣಕ್ಕಿಂತ ಭಾಷಣದ ಬಾಲವೇ ಹೆಚ್ಚು ಹೆಸರುವಾಸಿ. ಬೇರೆಯವರು ಮುಗಿಸುವಾಗ 'ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಬಹುದು' ಎನ್ನುತ್ತಾರೆ. ಅಂಗಡಿಯ ಬಾಗಿಲು ಅರ್ಧ ಎಳೆದಾದ ಮೇಲೆ 'ಇನ್ನೇನಾದ್ರೂ ಬೇಕಿತ್ತಾ' ಅಂದಂತಿರುತ್ತದೆ ಅದು. ಯಾವ ಮಾನವಂತ ಆಗ ಬಾಯಿ ಬಿಟ್ಟಾನು? ಕೌಂಟರಮ್ಮ ಹಾಗಲ್ಲ. ಕೊನೆಯ ಮಾತು ಆಡಿ, ಒಂದು ಉಸಿರು ಬಿಟ್ಟು, ಎರಡು ಹೆಜ್ಜೆ ಮುಂದೆ ಬಂದು, ಎರಡೂ ಕೈಗಳನ್ನು ಜನರತ್ತ ಚಾಚಿ, ತಗ್ಗಿದ ದನಿಯಲ್ಲಿ ಒಂದೇ ಒಂದು ಪದ ಹೇಳುತ್ತಿದ್ದಳು: "ಕೇಳಿ." ಅಷ್ಟೇ. ಕೈಗಳು ಒಂದರ ಹಿಂದೊಂದು ಮೇಲೇಳುತ್ತಿದ್ದವು. ಪ್ರಶ್ನೆ ಕೇಳಿಸಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ ಎಂದು ಆ ಕಸುಬಿನವರೆಲ್ಲ ಒಪ್ಪುತ್ತಿದ್ದರು, ಹೊಟ್ಟೆಕಿಚ್ಚಿನವರೂ ಸೇರಿ. ಆ ಒಂದು ಪದದ ಮೇಲೆ ಅವಳಿಗೆ ತುಸು ಜಂಬವೇ ಇತ್ತು ಅನ್ನಿ.

ಅಷ್ಟರಲ್ಲಿ ವೆಬಿನಾರ್ ಬಂತು. ಅವಳನ್ನು ಕರೆಸುತ್ತಿದ್ದ ತರಬೇತಿ ಸಂಸ್ಥೆ, ಊರೂರಿನ ಜನರನ್ನು ಒಂದು ಕಡೆ ಕೂರಿಸುವುದೇ ತಲೆನೋವು ಎಂದು, ಇನ್ನು ಮುಂದೆ ಎಲ್ಲವೂ ಪರದೆಯ ಮೇಲೆ ಎಂದುಬಿಟ್ಟಿತು. ಅಲ್ಲಿನ ಸಂಯೋಜಕ ಫೋನಿನಲ್ಲಿ ಪಾಠ ಹೇಳಿದ. ಅವನು ಒಳ್ಳೆಯವನೇ, ಆದರೆ ಯಾವಾಗಲೂ ಬಸ್ಸು ಹೊರಟುಬಿಡುತ್ತದೆ ಅನ್ನುವ ಅವಸರದಲ್ಲಿ ಮಾತಾಡುತ್ತಿದ್ದ.

"ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಇಡಿ ಮೇಡಂ, ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರ್ಲಿ. ಹತ್ತಿರ ಕೂತ್ಕೊಳ್ಳಿ. ಜನ ಮೊಬೈಲ್‌ನಲ್ಲಿ ನೋಡೋದು, ಮುಖ ತುಂಬ ಕಾಣ್ಬೇಕು. ನೋಡೋದು ಪರದೆಯಲ್ಲ, ಆ ಚಿಕ್ಕ ತೂತನ್ನ."

ಅವಳು ಹೇಳಿದ್ದನ್ನೆಲ್ಲ ಮಾಡಿದಳು. ದಪ್ಪನೆಯ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಏರಿಸಿದಳು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿದಳು, ಮೇಲಿನ ಮನೆಯವರಿಗೆ ಆ ಹೊತ್ತಿನಲ್ಲಿ ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ಹೇಳಿಬಂದಳು. ಮಾತಾಡಲು ಕುಳಿತರೆ ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಎಲ್ಲರ ಮೈಕೂ ಬಂದ್, ಎಲ್ಲರ ಕ್ಯಾಮೆರಾವೂ ಬಂದ್. ಚಟಾಕಿ ಹಾರಿಸಿದರೆ ನಗು ಇಲ್ಲ, ನಗುವಿಗೆಂದು ನಿಲ್ಲಿಸಿದರೆ ಆ ಬಿಡುವೇ ಬಾವಿಯ ಹಾಗೆ ಬಾಯಿ ತೆರೆಯುತ್ತದೆ. ಬಿಡುವಿಗೆ ಹೆದರಿ ಅವಳು ಓಡುತ್ತಾ ಮಾತಾಡಿದಳು. ನಡುನಡುವೆ ಜನರನ್ನು ಹಿಡಿದಿಡಲು "ಕೇಳಿ, ಇದು ಮುಖ್ಯ", "ಕೇಳಿ, ಗಿರಾಕಿ ಅಂದ್ರೆ ಯಾರು" ಎಂದಳು. ಕೊನೆಗೆ ಉಸಿರು ಬಿಟ್ಟು, ಕೈ ಚಾಚಿ, "ಕೇಳಿ" ಎಂದಳು.

ಯಾರೂ ಏನೂ ಕೇಳಲಿಲ್ಲ. ಕೈ ಎತ್ತುವ ಗುಂಡಿ ಇದೆ, ಬರೆದು ಕಳಿಸಲು ಚಾಟ್ ಇದೆ. ಎರಡೂ ಖಾಲಿ. ಅವಳು ಆ ಚಿಕ್ಕ ತೂತನ್ನು ನೋಡುತ್ತಾ ಕುಳಿತೇ ಕುಳಿತಳು. ಕೊನೆಗೆ ಸಂಯೋಜಕನ ದನಿ ಬಂದು, ಎಲ್ಲರಿಗೂ ವಂದನೆ ಹೇಳಿ ಮುಗಿಸಿಬಿಟ್ಟಿತು.

"ಕಲ್ಲುಗಳು," ಎಂದಳು ಅವಳು ಊಟಕ್ಕೆ ಕುಳಿತಾಗ. "ಗೋಡೆಗಾದ್ರೂ ಹೇಳಿದ್ರೆ ಪ್ರತಿಧ್ವನಿ ಬರ್ತಿತ್ತು."

ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡ ಆ ಮನುಷ್ಯನಿಗೆ ಇಡೀ ದಿನ ಜನರ ಕಣ್ಣುಗಳನ್ನು ನೋಡಿ ನೋಡಿ, ಮನೆಯಲ್ಲಿ ತಟ್ಟೆ ನೋಡುವುದೇ ವಿಶ್ರಾಂತಿ. "ಊಟದ ಹೊತ್ತಿತ್ತೇನೋ ಅವರಿಗೆ," ಎಂದ.

ಆ ವಾರವೇ ಸಂಯೋಜಕನ ಫೋನು ಬಂತು.

"ಮೇಡಂ, ಜನ ಕೊನೇವರೆಗೂ ಇದ್ರು, ಅದು ಒಳ್ಳೇದೇ. ಆದ್ರೆ ಒಂದು ಪ್ರಶ್ನೆನೂ ಬರ್ಲಿಲ್ಲ ನೋಡಿ. ಪ್ರಶ್ನೆನೇ ಇಲ್ಲ ಅಂದ್ಮೇಲೆ ಪ್ರತಿ ಸಲ ಲೈವ್ ಯಾಕೆ ಅಂತ ಮೇಲಿನವರು ಅಂತಿದಾರೆ. ಒಂದ್ಸಲ ಚೆನ್ನಾಗಿ ರೆಕಾರ್ಡ್ ಮಾಡ್ಕೊಂಡ್ರೆ ಅದನ್ನೇ ಎಲ್ಲರಿಗೂ ಹಾಕ್ಬಹುದಲ್ಲ."

"ಆಮೇಲೆ ನಾನು?"

"ನೀವು ಇರ್ತೀರಲ್ಲ ಮೇಡಂ, ರೆಕಾರ್ಡಿಂಗ್‌ನಲ್ಲಿ."

"ಇನ್ನೆರಡು ಸಲ ನೋಡಿ," ಎಂದು ಹೇಗೋ ಒಪ್ಪಿಸಿದಳು. "ನೋಡೋಣ ಮೇಡಂ," ಎಂದ ಅವನು. ಮುಂದಿನದನ್ನು ನೋಡುವುದು, ಅದರ ಮುಂದಿನದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಅಷ್ಟರೊಳಗೆ ಜನ ಬಾಯಿ ಬಿಟ್ಟರೆ ಸರಿ, ಇಲ್ಲದಿದ್ದರೆ ಆ ರೆಕಾರ್ಡಿಂಗೇ ಕೌಂಟರಮ್ಮ.

ಫೋನು ಇಟ್ಟ ಮೇಲೆ ಅವಳು ಬಹಳ ಹೊತ್ತು ಕಿಟಕಿಯ ಬಳಿ ನಿಂತಿದ್ದಳು. ಬೇರೆ ಯಾರೋ ಬಂದು ಜಾಗ ಕಸಿದುಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲಿ ತನ್ನ ಜಾಗಕ್ಕೆ ತನ್ನನ್ನೇ ತಂದು ಕೂರಿಸುತ್ತಿದ್ದಾರೆ. ಆ ಇನ್ನೊಬ್ಬಳು ಕೆಮ್ಮುವುದಿಲ್ಲ, ನೀರು ಕೇಳುವುದಿಲ್ಲ, ವಯಸ್ಸಾಗುವುದಿಲ್ಲ. ಎದುರಿಗೆ ಕೂತವರ ಮುಖ ಬಾಡಿದ್ದನ್ನು ಕಂಡು ಮಾತು ಬದಲಾಯಿಸುವುದೂ ಇಲ್ಲ. ಜನರ ಮುಂದೆ ನಿಂತು ಅವರು ಹೇಳಿದ್ದಕ್ಕೆ ಅಲ್ಲೇ ಉತ್ತರ ಹುಡುಕುವ ಆ ಹೊತ್ತು ಬಿಟ್ಟರೆ ಅವಳಿಗೆ ತಾನು ಏನು ಎಂದು ಗೊತ್ತಿರಲಿಲ್ಲ. ಅದು ಹೋದರೆ ಉಳಿಯುವುದು ಒಬ್ಬ ಕನ್ನಡಕದ ಅಂಗಡಿಯವನ ಹೆಂಡತಿ. ಆ ಪದವಿಯ ಬಗ್ಗೆ ಅವಳಿಗೆ ತಕರಾರಿಲ್ಲ, ಅದೊಂದೇ ಆದರೆ ಸಾಲದು, ಅಷ್ಟೇ.

ಗಂಡನಿಗೆ ಅವಳ ಮುಖ ನೋಡಿ ಸಂಕಟವಾಯಿತು. ಬಾಯಲ್ಲಿ ಸಮಾಧಾನ ಹೇಳಿ ಅವನಿಗೆ ಅಭ್ಯಾಸವಿಲ್ಲ. ಮರುದಿನ ಸಂಜೆ ಅಂಗಡಿಯಿಂದ ಬರುವಾಗ ಕಂಕುಳಲ್ಲಿ ಒಂದು ತಲೆ ಇಟ್ಟುಕೊಂಡು ಬಂದ. ಗಾಜಿನ ಕಪಾಟಿನಲ್ಲಿ ಕನ್ನಡಕ ಹಾಕಿ ಇಡುವ ಪ್ಲಾಸ್ಟಿಕ್ ತಲೆ, ಬೋಳು, ಮೂಗಿನ ತುದಿ ಸ್ವಲ್ಪ ಸವೆದದ್ದು. ಅದನ್ನು ಲ್ಯಾಪ್‌ಟಾಪಿನ ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿ, ಒಂದು ಕಪ್ಪು ಫ್ರೇಮು ಹಾಕಿದ.

"ಇವರನ್ನ ನೋಡ್ಕೊಂಡು ಮಾತಾಡು. ನನಗಿಂತ ಚೆನ್ನಾಗಿ ಕೂತ್ಕೊಳ್ತಾರೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಧೈರ್ಯ ಬಂತು, ಧೈರ್ಯ ಬಂದ ಮೇಲೆ ಒಂದು ಕಳ್ಳ ಉಪಾಯವೂ ಬಂತು. "ರೀ, ನೀವೊಂದು ಕೆಲಸ ಮಾಡ್ಬೇಕು. ಮುಂದಿನ ಸಲ ನೀವೂ ಸೇರ್ಕೊಳ್ಳಿ, ಅಂಗಡಿಯಲ್ಲಿ ಕೂತೇ. ಮೊದಲನೇ ಪ್ರಶ್ನೆ ನಿಮ್ಮದು. ಒಬ್ಬರು ಬಾಯಿ ಬಿಟ್ರೆ ಸಾಕು, ಉಳಿದವರೂ ಬಿಡ್ತಾರೆ."

"ನಾನಾ? ಏನಂತ?"

"ಕಿರುಚಾಡೋ ಗಿರಾಕಿಗೆ ಏನು ಹೇಳ್ಬೇಕು, ಅಂತ. ನಾನು ಕೊನೇಲಿ ಕೇಳಿ ಅಂತೀನಲ್ಲ, ಆಗ ಕೈ ಎತ್ತೋ ಗುಂಡಿ ಒತ್ತಿ. ಸಂಯೋಜಕರು ನಿಮ್ಮ ಮೈಕ್ ಬಿಡ್ತಾರೆ."

"ಕಿರುಚಾಡೋ ಗಿರಾಕಿಗೆ ಏನು ಹೇಳ್ಬೇಕು ಅಂತ ನನಗೆ ಗೊತ್ತಲ್ಲೇ. ಸುಮ್ನೆ ಕನ್ನಡಕ ಒರೆಸ್ತಾ ಕೂತ್ರೆ ಆಯ್ತು."

"ಗೊತ್ತಿಲ್ಲ ಅಂದ್ಕೊಳ್ಳಿ!"

ಪ್ರಾಮಾಣಿಕವಾಗಿ ಮಾತಾಡಿ ಎಂದು ಊರಿಗೆಲ್ಲ ಹೇಳುವವಳು ಮನೆಯವನನ್ನೇ ಸಭೆಯಲ್ಲಿ ಕೂರಿಸಿ ಪ್ರಶ್ನೆ ಹಾಕಿಸುವುದೆಂದರೆ, ಅದು ಸುಖದ ವಿಷಯವಲ್ಲ. ಆ ರಾತ್ರಿ ಅವಳ ಮನಸ್ಸು ಒಂದೆರಡು ಸಲ ಕುಟುಕಿತು. ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ವೆಬಿನಾರ್ ನಿಜಕ್ಕೂ ಚೆನ್ನಾಗಿ ಹೋಯಿತು. ಪ್ಲಾಸ್ಟಿಕ್ ತಲೆಯ ಕಡೆ ನೋಡುತ್ತಾ ಮಾತಾಡಿದರೆ ದನಿಗೆ ಒಂದು ಆಸರೆ ಸಿಕ್ಕಂತಿತ್ತು. ನಿಧಾನಕ್ಕೆ ಮಾತಾಡಿದಳು. ನಗುವಿನ ಜಾಗದಲ್ಲಿ ನಿಂತು ತಾನೇ ಮುಗುಳ್ನಕ್ಕಳು. ಮಧ್ಯೆ ಕಣ್ಣು ತಪ್ಪಿಸಿ ಹೆಸರುಗಳ ಪಟ್ಟಿಯಲ್ಲಿ ಗಂಡ ಇದ್ದಾನೆಂದು ಖಾತ್ರಿ ಮಾಡಿಕೊಂಡಳು. ಕೊನೆಗೆ ಉಸಿರು ಬಿಟ್ಟಳು, ಕೈ ಚಾಚಿದಳು.

"ಕೇಳಿ."

ಸದ್ದಿಲ್ಲ. ಗಂಡನ ಹೆಸರಿನ ಪಕ್ಕ ಕೈ ಏಳಲಿಲ್ಲ. ಅವಳು ತುಸು ಗಟ್ಟಿಯಾಗಿ, ತುಸು ಅರ್ಥಗರ್ಭಿತವಾಗಿ, "ಕೇಳಿ... ಕೇಳಿ," ಎಂದಳು. ಪ್ಲಾಸ್ಟಿಕ್ ತಲೆ ಅವಳನ್ನೇ ನೋಡುತ್ತಿತ್ತು. ಜಗತ್ತಿನಲ್ಲಿ ಅಷ್ಟು ಗಮನವಿಟ್ಟು ಅವಳನ್ನು ನೋಡಿದ ಬೇರೆ ಯಾರೂ ಇರಲಾರರು. ಸಂಯೋಜಕ ವಂದನೆ ಹೇಳಿದ, ಪರದೆ ಬರಿದಾಯಿತು.

ಕೌಂಟರಮ್ಮ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಳು. ಅಂಗಡಿ ಹತ್ತಿರವೇ, ಬೇಕರಿ ದಾಟಿ, ಬೀಗದ ಕೈ ಮಾಡಿಕೊಡುವವನ ಡಬ್ಬಿ ಅಂಗಡಿ ದಾಟಿ, ಮೂಲೆಯಲ್ಲಿ. ಅಷ್ಟು ದೂರವೂ ಅವಳು ಬೈಗುಳಗಳನ್ನು ಜೋಡಿಸಿಕೊಳ್ಳುತ್ತಾ ನಡೆದಳು. ಒಳಗೆ ಎತ್ತರದ ಸ್ಟೂಲಿನ ಮೇಲೆ ಒಬ್ಬ ಗಿರಾಕಿ ಕುಳಿತಿದ್ದ. ಮಸೂರ ಬದಲಿಸಿ ಬದಲಿಸಿ ನೋಡುವ ಭಾರದ ಚೌಕಟ್ಟು ಅವನ ಮೂಗಿನ ಮೇಲಿತ್ತು. ಗಂಡನ ಕಿವಿಯಲ್ಲಿ ಇನ್ನೂ ಇಯರ್‌ಫೋನ್ ಇತ್ತು.

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ಬಂದ್ಯಾ? ತುಂಬಾ ಚೆನ್ನಾಗಿತ್ತು ಕಣೇ. ಪೂರ್ತಿ ಕೇಳ್ದೆ."

"ಕೇಳಿದ್ರಾ? ಯಾವಾಗ ಕೇಳಿದ್ರಿ? ಒಂದು ಪ್ರಶ್ನೆನೂ ಬರ್ಲಿಲ್ಲ ಅಲ್ಲಿ!"

"ಮೊದಲಿಂದ ಕೊನೇವರೆಗೂ ಕೇಳಿದೀನಿ. ಇವರು ಬಂದು ಕೂತ್ರೂ ಇದನ್ನ ಕಿವಿಯಿಂದ ತೆಗೀಲಿಲ್ಲ."

ಗಿರಾಕಿ ಹೌದೆಂದು ತಲೆಯಾಡಿಸಿದ. ಮಸೂರಗಳು ಕಟಕಟ ಅಂದವು.

"ನಾನು ಕೇಳಿ ಅಂದಾಗ ಕೇಳ್ಬೇಕು ಅಂತ ಮಾತಾಗಿತ್ತಲ್ಲ!"

"ನೀನು ಕೇಳಿ ಅಂದೆ, ನಾನು ಕೇಳ್ತಾ ಇದ್ದೆ. ಏನೋ ಮುಖ್ಯವಾದದ್ದು ಹೇಳೋಕೆ ಹೊರಟಿದೀಯ ಅಂತ ಸದ್ದು ಇನ್ನೂ ಜಾಸ್ತಿ ಮಾಡ್ದೆ. ನೀನು ಮತ್ತೆ ಕೇಳಿ, ಕೇಳಿ ಅಂದೆ. ಸರಿ, ಉಸಿರು ಬಿಗಿಹಿಡಿದು ಕೂತೆ. ಅಷ್ಟರಲ್ಲಿ ಅವನ್ಯಾರೋ ಬಂದು ವಂದನೆ ಅಂದುಬಿಟ್ಟ."

"ಅಯ್ಯೋ, ಆ ಕೇಳಿ ಅಲ್ಲ!"

"ಯಾವ ಕೇಳಿ ಅಂತ ನನಗೇನು ಕನಸು ಬೀಳುತ್ತಾ? ಮೊದಲಿಂದಾನೂ ಕೇಳಿ ಇದು ಮುಖ್ಯ, ಕೇಳಿ ಅದು ಮುಖ್ಯ ಅಂತಾನೇ ಇದ್ದೆ. ಅಷ್ಟು ಕೇಳಿಗಳಲ್ಲಿ ನಾನು ಯಾವ ಕೇಳಿಗೆ ಕೇಳ್ಬೇಕಿತ್ತು?"

ಗಿರಾಕಿ ಇನ್ನು ತಡೆಯಲಾರದೆ ಬಾಯಿ ಹಾಕಿದ. ಚೌಕಟ್ಟಿನ ಹಿಂದೆ ಅವನ ಕಣ್ಣುಗಳು ತಟ್ಟೆಯಷ್ಟು ಕಾಣುತ್ತಿದ್ದವು. "ಅಮ್ಮಾ, ನೀವು ಹೇಳಿದ್ದು ಕಿವಿಯಿಂದ ಕೇಳೋದಾ, ಬಾಯಿಂದ ಕೇಳೋದಾ?"

ಕೌಂಟರಮ್ಮ ಜೋಡಿಸಿಕೊಂಡು ಬಂದಿದ್ದ ಬೈಗುಳಗಳೆಲ್ಲ ಎಲ್ಲೋ ಹೋದವು. "ಬಾಯಿಂದ," ಎಂದಳು ಮೆಲ್ಲಗೆ. "ನಾನು ಕೈ ಚಾಚಿದ್ದೆನಲ್ಲ."

"ಎಲ್ಲಿ ಕೈ?" ಎಂದ ಗಂಡ. "ಬರೀ ಮುಖ. ಗುರುತಿನ ಚೀಟಿ ಫೋಟೋ ಇದ್ದಂಗೆ."

ಅವಳು ಮನೆಗೆ ಬಂದು, ಯಾರೂ ಇಲ್ಲದ ಕೋಣೆಯಲ್ಲಿ ಕ್ಯಾಮೆರಾ ತೆರೆದು, ಎಂದಿನ ಜಾಗದಲ್ಲಿ ಕುಳಿತಳು. ಪರದೆಯಲ್ಲಿ ಅವಳ ಮುಖ ಬಂತು, ಹಣೆಯಿಂದ ಕತ್ತಿನವರೆಗೆ. ಎರಡೂ ಕೈ ಚಾಚಿದಳು. ಪರದೆಯಲ್ಲಿ ಏನೂ ಆಗಲಿಲ್ಲ. ಭುಜ ಒಂದಿಷ್ಟು ಅಲುಗಿತು, ಮುಖ ಗಂಭೀರವಾಯಿತು, ಅಷ್ಟೇ. ಆ ಮುಖ "ಕೇಳಿ" ಎಂದರೆ ಯಾರಾದರೂ ಕಿವಿ ನಿಮಿರಿಸಿ ಕೂರುತ್ತಾರೆಯೇ ಹೊರತು ಬಾಯಿ ತೆರೆಯುವುದಿಲ್ಲ. ಇಷ್ಟು ವರ್ಷ ಪ್ರಶ್ನೆ ಕರೆದು ತಂದದ್ದು ಆ ಪದವಲ್ಲ, ಕೈ ಮತ್ತು ಆ ಎರಡು ಹೆಜ್ಜೆ ಎಂದು ಅವಳಿಗೆ ಆಗ ಗೊತ್ತಾಯಿತು. ಪದ ಸುಮ್ಮನೆ ಹೊಗಳಿಸಿಕೊಂಡಿತ್ತು.

ಅದಕ್ಕಿಂತ ಹೆಚ್ಚು ಅವಳನ್ನು ಕಾಡಿದ್ದು ಬೇರೆ. ಆಸ್ಪತ್ರೆಯ ಮೇಜಿನವರು, ಟಿಕೆಟ್ ಹರಿಯುವವರು, ಇಡೀ ದಿನ ಜನರ ಬಾಯಿಗೆ ಸಿಕ್ಕವರು, ಅವಳು ಕೇಳಿ ಅಂದಳೆಂದು ಇನ್ನೂ ಏನೋ ಹೇಳುತ್ತಾಳೆ ಎಂದು ನಂಬಿ ಕಾದು ಕುಳಿತಿದ್ದರು. ಕೊನೆಯವರೆಗೂ ಎದ್ದು ಹೋಗಿರಲಿಲ್ಲ. ಅಂಥವರನ್ನು ಅವಳು ಊಟದ ಮುಂದೆ ಕಲ್ಲುಗಳು ಅಂದಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಎದುರಿಗಿದ್ದವರು ಸುಮ್ಮನಿದ್ದರೆ ಅದು ಕೊಬ್ಬು ಅಂದುಕೊಳ್ಳಬೇಡಿ ಎಂದು ಅವಳೇ ಎಷ್ಟು ಊರುಗಳಲ್ಲಿ ಹೇಳಿಲ್ಲ!

ಮೂರನೆಯ ಸಲಕ್ಕೆ ಅವಳು ಪುಸ್ತಕಗಳನ್ನು ಕೆಳಗಿಳಿಸಿ, ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ಸರಿಸಿದಳು. ಪ್ಲಾಸ್ಟಿಕ್ ತಲೆಗೆ ವಂದನೆ ಹೇಳಿ ಅಂಗಡಿಗೆ ವಾಪಸು ಕಳಿಸಿದಳು, ಗಂಡನನ್ನೂ ಅದರ ಜೊತೆಗೇ. ಶುರುವಾಗುವ ಮೊದಲು ಸಂಯೋಜಕ, "ಮೇಡಂ, ಮುಖ ಚಿಕ್ಕದಾಗಿ ಕಾಣ್ತಿದೆಯಲ್ಲ," ಎಂದ.

"ಕಾಣ್ಲಿ. ಕೈ ಕಾಣ್ತಿದೆಯಾ?"

"ಕಾಣ್ತಿದೆ. ರೆಕಾರ್ಡಿಂಗ್ ಶುರು ಮಾಡ್ತೀನಿ ಮೇಡಂ. ಇದು ಚೆನ್ನಾಗಿ ಬಂದ್ರೆ ಇದನ್ನೇ ಇಟ್ಕೊಳ್ತೀವಿ."

ಎಂಥ ಪೇಚು ನೋಡಿ. ಕೆಟ್ಟದಾಗಿ ಮಾತಾಡಿದರೆ ಮಾನ ಹೋಗುತ್ತದೆ, ಚೆನ್ನಾಗಿ ಮಾತಾಡಿದರೆ ಕೆಲಸ ಹೋಗುತ್ತದೆ. ಅವಳು ಚೆನ್ನಾಗಿಯೇ ಮಾತಾಡಿದಳು, ಬೇರೆ ಥರ ಅವಳಿಗೆ ಬರುತ್ತಿರಲಿಲ್ಲ. "ಕೇಳಿ" ಎಂಬ ಪದ ನಾಲಿಗೆಯ ತುದಿಗೆ ಬಂದಾಗಲೆಲ್ಲ ನುಂಗಿದಳು. ಒಂದೆರಡು ತಪ್ಪಿಸಿಕೊಂಡು ಹೊರಬಿದ್ದವು, ಅದು ಬೇರೆ ಮಾತು. ಕೊನೆಯಲ್ಲಿ ಅವಳು ತನ್ನ ಪೆದ್ದುತನವನ್ನೇ ಹೇಳಿದಳು. ಗಂಡನನ್ನು ಗುಟ್ಟಾಗಿ ಕೇಳುಗರ ನಡುವೆ ಸೇರಿಸಿದ್ದು, ಅವನು ಸದ್ದು ಜಾಸ್ತಿ ಮಾಡಿಕೊಂಡು ಉಸಿರು ಬಿಗಿಹಿಡಿದದ್ದು, ಸ್ಟೂಲಿನ ಮೇಲಿನ ಗಿರಾಕಿ ಕಿವಿಯಿಂದಲೋ ಬಾಯಿಂದಲೋ ಎಂದದ್ದು.

"ನನ್ನ ಮಾತು ಮುಗೀತು," ಎಂದಳು ಆಮೇಲೆ. "ಇನ್ನೇನೂ ಬಾಕಿ ಇಲ್ಲ. ಈಗ ಮಾತು ನಿಮ್ಮದು. ಪ್ರಶ್ನೆ ಇರ್ಲಿ, ತಕರಾರು ಇರ್ಲಿ, ನಿಮ್ಮ ಕೌಂಟರ್‌ನಲ್ಲಿ ಇವತ್ತು ನಡೆದದ್ದೇ ಇರ್ಲಿ. ನಾನು ಇಲ್ಲೇ ಕೂತಿರ್ತೀನಿ."

ಎರಡೂ ಕೈ ಚಾಚಿದಳು. ಮೌನ ಬಂತು. ಅವಳು ಅದನ್ನು ತುಂಬಲು ಹೋಗಲಿಲ್ಲ. ಚಾಚಿದ ಕೈ ಇಳಿಸದೆ ಕುಳಿತಿದ್ದಳು.

ಚಾಟ್‌ನಲ್ಲಿ ಒಂದು ಸಾಲು ಮೂಡಿತು. ಔಷಧಿ ಅಂಗಡಿಯ ಹೆಂಗಸೊಬ್ಬಳು ಬರೆದಿದ್ದಳು: ಮೇಡಂ, ಮನೆಯವರು ಈಗ ನಿಮ್ಮ ಜೊತೆ ಮಾತಾಡ್ತಿದಾರಾ?

ಕೌಂಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟೇ ಸಾಕಾಯಿತು. ಕೈಗಳು ಎದ್ದವು. ಚಿಲ್ಲರೆ ಇಲ್ಲ ಅಂದರೆ ಮುಖಕ್ಕೆ ನೋಟು ಎಸೆಯುವವರ ಬಗ್ಗೆ ಒಬ್ಬರು, ಗಾಜಿನ ಆಚೆಯಿಂದ ಹೇಳಿದ್ದು ಕೇಳಿಸದೆ ತಾವೇ ಕಿರುಚಬೇಕಾಗುವ ಬಗ್ಗೆ ಒಬ್ಬರು, ಅಳುವವರ ಎದುರು ಏನು ಮಾಡಬೇಕೆಂದು ಗೊತ್ತಾಗದೆ ಕಂಪ್ಯೂಟರ್ ನೋಡುವ ತಮ್ಮ ಅಭ್ಯಾಸದ ಬಗ್ಗೆ ಒಬ್ಬರು. ಅವಳಿಗೆ ಹೊಸ ಜೀವ ಬಂದಂತಾಯಿತು.

ಕೊನೆಯ ಹೊತ್ತಿಗೆ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕೌಂಟರಿನವನೊಬ್ಬ ಮಾತಾಡಿದ. ದನಿಯಲ್ಲಿ ಸುಸ್ತು.

"ಮೇಡಂ, ಕೆಲವು ಸಾಮಾನು ಸಿಗಲ್ಲ ಅಂತ ನಮಗೆ ದೂರು ಕೊಟ್ಟ ಕೂಡ್ಲೇ ಗೊತ್ತಾಗುತ್ತೆ. ಆದ್ರೂ 'ನೋಡ್ತೀವಿ, ನಾಳೆ ಬನ್ನಿ' ಅನ್ನಬೇಕು ಅಂತ ನಮಗೆ ಹೇಳಿದಾರೆ. ಒಬ್ಬ ಹೆಂಗಸು ದಿನಾ ಬರ್ತಾರೆ. ಕಳೆದದ್ದು ಅವರ ತಾಯಿ ಹೊಲಿದ ಕೌದಿಯಂತೆ. ದಿನಾ 'ನೋಡ್ತೀವಿ' ಅಂತೀನಿ. ಇದು ಸೌಜನ್ಯನಾ ಮೇಡಂ, ಸುಳ್ಳಾ?"

ಅವಳ ಬಳಿ ಇದಕ್ಕೊಂದು ಸಿದ್ಧ ಉತ್ತರವಿತ್ತು. ನಿರಾಸೆಯನ್ನು ನಯವಾಗಿ ಹೇಳುವ ಮೂರು ವಾಕ್ಯಗಳು, ಎಷ್ಟೋ ವೇದಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದಂಥವು. ಅದು ಬಾಯಿಗೆ ಬಂತು. ಆ ಮನುಷ್ಯನ ದನಿ ಮತ್ತೊಮ್ಮೆ ನೆನಪಾಗಿ ವಾಪಸು ಹೋಯಿತು.

"ನನಗೆ ಗೊತ್ತಿಲ್ಲ," ಎಂದಳು. "ಸುಳ್ಳು ಅನ್ಸುತ್ತೆ. ಆದ್ರೆ ನಾನು ಆ ಕುರ್ಚಿಯಲ್ಲಿ ಕೂತಿಲ್ಲ. ಕೂತವರು ಯಾರಾದ್ರೂ ಹೇಳ್ತೀರಾ?"

ಹೇಳಿದರು. ನಿಜ ಹೇಳಿ ಬಿಡಬೇಕು ಎಂದರು ಕೆಲವರು, ಆ ಹೆಂಗಸಿಗೆ ಬರುವುದೇ ಒಂದು ಆಸರೆ ಇರಬಹುದು ಎಂದರು ಕೆಲವರು. ಕೌಂಟರಿನವರು ಕೌಂಟರಿನವರ ಜೊತೆ ಮಾತಿಗಿಳಿದರು. ಹೊತ್ತು ಮೀರಿತು. ಯಾವ ತೀರ್ಮಾನಕ್ಕೂ ಬರದೆ, ಎಲ್ಲರೂ ಒಲ್ಲದ ಮನಸ್ಸಿನಿಂದ ಒಬ್ಬೊಬ್ಬರಾಗಿ ಹೊರಟರು.

ಪರದೆಯಲ್ಲಿ ಅವಳೂ ಸಂಯೋಜಕನೂ ಉಳಿದರು. ಅವನ ಚೌಕ ಎಂದಿನಂತೆ ಕಪ್ಪು.

"ಮೇಡಂ, ಹೋಗ್ಬೇಡಿ. ಒಂದು ವಿಷಯ ಇದೆ."

ರೆಕಾರ್ಡಿಂಗ್ ಬಹಳ ಚೆನ್ನಾಗಿ ಬಂದಿದೆ ಎನ್ನುತ್ತಾನೆ, ಇನ್ನೇನು, ಅಂದುಕೊಂಡಳು ಅವಳು.

"ನಿಮ್ಮದು ಲೈವೇ ಇರ್ಬೇಕು ಅಂತ ಈಗಷ್ಟೇ ಮೇಲಿನವರಿಗೆ ಹೇಳ್ದೆ. ಅವರೂ ನೋಡ್ತಾ ಇದ್ರು. ಒಪ್ಕೊಂಡ್ರು."

ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಧನ್ಯವಾದ ಹೇಳುವಷ್ಟರಲ್ಲಿ ಅವನೇ ಮುಂದುವರಿಸಿದ.

"ಇನ್ನೊಂದು," ಎಂದ ಅವನು. ದನಿಯಲ್ಲಿ ಎಂದಿನ ಅವಸರವಿರಲಿಲ್ಲ. "ರೆಕಾರ್ಡಿಂಗ್ ನಿಲ್ಸಿದೀನಿ. ನಂದೂ ಒಂದು ಪ್ರಶ್ನೆ ಇತ್ತು. ಎಲ್ಲರ ಮುಂದೆ ಆಗ್ಲಿಲ್ಲ."

ಕಪ್ಪು ಚೌಕ ಬೆಳಗಿತು. ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಅವಳೆಂದುಕೊಂಡಷ್ಟು ಚಿಕ್ಕವನಲ್ಲ, ಕಿವಿಯ ಬಳಿ ಕೂದಲು ನರೆತಿತ್ತು. ಹಿಂದೆ ಒಣಹಾಕಿದ ಮಕ್ಕಳ ಬಟ್ಟೆಗಳು.

"ನಿಮ್ಮ ಥರಾನೇ ಹಿರಿಯರೊಬ್ಬರು ಇದ್ದಾರೆ ಮೇಡಂ. ಸಮಯಪಾಲನೆ ಬಗ್ಗೆ ಹೇಳ್ತಾರೆ. ಅವರದು ರೆಕಾರ್ಡಿಂಗೇ ಸಾಕು ಅಂತ ತೀರ್ಮಾನ ಆಗಿಹೋಗಿದೆ. ನಾನು ಏನೇ ಅಂದ್ರೂ ಬದಲಾಗಲ್ಲ. ನಾಳೆ ಫೋನ್ ಮಾಡಿ ಹೇಳ್ಬೇಕು. ಈ ಹಿಂದೆ ಇಬ್ಬರಿಗೆ ಹೀಗೇ ಹೇಳಿದೀನಿ. ಇಬ್ಬರೂ ಏನೂ ಅನ್ಲಿಲ್ಲ. ಆಯ್ತಪ್ಪ ಅಂದು ಫೋನ್ ಇಟ್ರು. ಬೈದಿದ್ರೂ ಆಗ್ತಿತ್ತು. ಏನಂತ ಹೇಳ್ಲಿ ಮೇಡಂ? ಯಾವ ಮಾತಿಂದ ಶುರು ಮಾಡ್ಲಿ?"

ಆ ಹಿರಿಯರನ್ನು ಅವಳು ಬಲ್ಲಳು. ಸಮಯಪಾಲನೆಯ ಬಗ್ಗೆ ಹೊತ್ತು ಮೀರಿ ಮಾತಾಡಿ, ಅವಳ ಪಾಲಿನ ಸಮಯವನ್ನೂ ಎಷ್ಟೋ ಸಲ ನುಂಗಿ, ಇಳಿದು ಬಂದು ಮಗುವಿನ ಹಾಗೆ ಹಲ್ಲು ಕಿರಿಯುತ್ತಿದ್ದವರು. ಆಗ ಅವರ ಮೇಲೆ ಹಲ್ಲು ಕಡಿದದ್ದೂ ಉಂಟು. ಈಗ ಅವರು ಫೋನು ಇಟ್ಟು ಕಿಟಕಿಯ ಬಳಿ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು.

"ಮನೆ ಎಲ್ಲಿ ಅವರದು?"

"ಈ ಊರಲ್ಲೇ. ಬಸ್ಸು ಹಿಡಿದ್ರೆ ಸ್ವಲ್ಪ ದೂರ."

"ಹಾಗಾದ್ರೆ ಫೋನ್ ಮಾಡ್ಬೇಡಿ. ಹೋಗಿ. ಎದುರಿಗೆ ಕೂತು ಹೇಳಿ."

"ಹೋಗಿ ಏನು ಹೇಳ್ಲಿ?"

"ಈಗ ನನಗೆ ಹೇಳಿದ್ರಲ್ಲ, ಅದನ್ನೇ."

"ಬೈದ್ರೆ?"

"ಬೈಸ್ಕೊಳ್ಳಿ."

ಅವನು ತಲೆ ತಗ್ಗಿಸಿದ. ಒಳಗೆಲ್ಲೋ ಮಗುವೊಂದು ಕರೆಯಿತು, ಅವನು ತಿರುಗಲಿಲ್ಲ. ಆಮೇಲೆ ಪರದೆಯ ಕಡೆ ನೋಡಿ, "ನೀವೂ ಬರ್ತೀರಾ ಮೇಡಂ?" ಎಂದ.

ಬರುವುದಿಲ್ಲ ಎನ್ನಲು ಅವಳ ಬಳಿ ಕಾರಣಗಳಿಗೆ ಬರವಿರಲಿಲ್ಲ. ತನ್ನದು ಉಳಿದುಕೊಂಡಿದೆ. ಆ ಹಿರಿಯರು ಬಾಗಿಲು ತೆರೆದು ತನ್ನ ಮುಖವನ್ನು ನೋಡುತ್ತಾರೆ, ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಗುತ್ತದೆ. ಅದನ್ನು ನೆನೆದೇ ಅವಳಿಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು.

ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಎಷ್ಟು ಹೊತ್ತಿಗೆ ಹೊರಡೋಣ?" ಎಂದಳು.